ಸ್ವಭಾವವರ್ಗಗಳೂ ಚರಿತ್ರೆಯ ವ್ಯಕ್ತಿಯೂ: ಟಿಪ್ಪು ಸುಲ್ತಾನನ ನಿದರ್ಶನ

ಮನುಷ್ಯರನ್ನು ಅವರವರ ಸ್ವಭಾವಕ್ಕೆ ಅನುಸಾರವಾಗಿ ಕೆಲವೇ ವರ್ಗಗಳಲ್ಲಿ ವಿಂಗಡಿಸುವ ಪ್ರಯತ್ನ ಬಹು ಪ್ರಾಚೀನವಾದುದು. ಗ್ರೀಕ್ ವೈದ್ಯರು ನಾಲ್ಕು ದೇಹರಸಗಳನ್ನೂ, ನಮ್ಮ ಆಯುರ್ವೇದಜ್ಞರು ವಾತ ಪಿತ್ತ ಕಫಗಳನ್ನೂ, ಸಾಂಖ್ಯರು ಮೂರು ಗುಣಗಳನ್ನೂ ಇದಕ್ಕೆ ಆಧಾರವಾಗಿ ಸ್ವೀಕರಿಸಿದರು. ೧೯೨೧ರಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಯೂಂಗ್ ಅಂತರ್ಮುಖ, ಬಹಿರ್ಮುಖ ಎಂಬ ಎರಡು ಪ್ರವೃತ್ತಿಗಳನ್ನು ನಿರೂಪಿಸಿ, ಅವನ್ನು ಟೆರ್ಟುಲಿಯನ್, ಆರಿಗನ್ ಮೊದಲಾದ ಚಿಂತಕರಿಗೂ, ಷ್ಪಿಟ್ಟೆಲರ್ ಕವಿ ಚಿತ್ರಿಸಿದ ಪ್ರೊಮಿಥಿಯಸ್, ಎಪಿಮಿಥಿಯಸ್ ಎಂಬ ಪಾತ್ರಗಳಿಗೂ ಅನ್ವಯಿಸಿದನು. ಕಾವ್ಯದ ಪಾತ್ರಕ್ಕೆ ಸಲ್ಲುವ ಈ ಕ್ರಮ ಚರಿತ್ರೆಯ ವ್ಯಕ್ತಿಗೂ ಸಲ್ಲುವುದೆ? ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದು ಇಲ್ಲಿನ ಉದ್ದೇಶ.

ನಿದರ್ಶನಕ್ಕೆ ಆರಿಸಿಕೊಂಡಿರುವ ವ್ಯಕ್ತಿ ಟಿಪ್ಪು ಸುಲ್ತಾನ. ಅವನ ಜನ್ಮಸ್ಥಳ ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿ. ೧೭೪೯ರ ದೇವನಹಳ್ಳಿಯ ಮುತ್ತಿಗೆಯಲ್ಲಿಯೇ ಅವನ ತಂದೆ ಹೈದರನ ಶೌರ್ಯ ಮೊದಲು ಬೆಳಕಿಗೆ ಬಂದಿತು. ಮರುವರ್ಷ, ಎಂದರೆ ೧೭೫೦ರ ನವೆಂಬರ್ ತಿಂಗಳಲ್ಲಿ, ಟಿಪ್ಪು ಜನಿಸಿದನೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ಅವನು ಜನಿಸಿದನೆಂದು ಹೇಳುವ ಸ್ಥಳದಲ್ಲಿ, ಕೋಟೆಯ ಸಮೀಪದಲ್ಲಿ, ಒಂದು ಚಿಕ್ಕ ಕಲ್ಲಿನ ಸ್ಮಾರಕವಿದೆ.

೧೭೯೯ರ ಮೇ ೪ರಂದು ಅವನು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಸ್ವಭಾವಚಿತ್ರಣದ ಕಾರ್ಯ ಆರಂಭವಾಯಿತು. ಕರ್ನಲ್ ಕರ್ಕ್‌ಪ್ಯಾಟ್ರಿಕ್ ೧೮೧೧ರಲ್ಲಿ ಅವನ ಪತ್ರಗಳನ್ನು ಆಯ್ದು ಅನುವಾದಿಸಿ, ಅವುಗಳಲ್ಲಿ ಕ್ರೂರನೂ ಮತಾಂಧನೂ ಆದ ಅರಸನನ್ನೇ ಕಂಡನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸ್, ೧೮೧೦ರಿಂದ ೧೮೧೭ರವರೆಗೆ ಪ್ರಕಟವಾದ ತನ್ನ ಇತಿಹಾಸದಲ್ಲಿ, ತಂದೆಮಕ್ಕಳನ್ನು ಎದುರುಬದುರಾಗಿ ನಿಲ್ಲಿಸಿ ಮಗನನ್ನು ಹೀನನನ್ನಾಗಿಸಿದನು. ಪಾರಸಿಯಲ್ಲಿ ಬರೆದ ಕಿರ್ಮಾನಿಯಾದರೋ ಅವನನ್ನು ಧರ್ಮವೀರನೆಂದೂ, ಆಪ್ತರ ದ್ರೋಹಕ್ಕೆ ಬಲಿಯಾದವನೆಂದೂ ವರ್ಣಿಸಿದನು. ನಮ್ಮ ಲಾವಣಿಕಾರರಿಗೆ ಅವನು ರಣದಲ್ಲಿ ಬಿದ್ದ ಶೂರ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಒಬ್ಬರಿಗೆ ಅವನು ಧೀರೋದ್ಧತನಾದನು, ಮತ್ತೊಬ್ಬರಿಗೆ ಧೀರೋದಾತ್ತನಾದನು.

ಈ ಪರಿಭಾಷೆಯನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಹತ್ತನೆಯ ಶತಮಾನದ ಧನಂಜಯನ ದಶರೂಪಕವು ನಾಯಕನನ್ನು ಧೀರಲಲಿತ, ಧೀರಪ್ರಶಾಂತ, ಧೀರೋದಾತ್ತ, ಧೀರೋದ್ಧತ ಎಂದು ನಾಲ್ಕಾಗಿ ವಿಭಾಗಿಸುತ್ತದೆ. ಇದಕ್ಕೆ ವ್ಯಾಖ್ಯಾನ ಬರೆದ ಧನಿಕನು ಒಂದು ಸೂಕ್ಷ್ಮವಾದ ಅಂಶವನ್ನು ಎತ್ತಿ ತೋರಿಸಿದ್ದಾನೆ. ಅವನ ಅಭಿಪ್ರಾಯದಂತೆ ಲಲಿತ, ಉದಾತ್ತ ಮೊದಲಾದ ಶಬ್ದಗಳು ಜಾತಿವಾಚಕಗಳಲ್ಲ, ಅವಸ್ಥಾವಾಚಕಗಳು. ಕರು, ಹೋರಿ, ಮುದಿಯೆತ್ತು ಎಂಬ ಹೆಸರುಗಳು ಒಂದೇ ಪ್ರಾಣಿಗೆ ಕಾಲಭೇದದಿಂದ ಸಲ್ಲುವಂತೆ ಇವೂ ಸಲ್ಲುತ್ತವೆ. ಪರಶುರಾಮನೊಬ್ಬನೇ ಒಂದೆಡೆ ಉದಾತ್ತನೂ ಒಂದೆಡೆ ಉದ್ಧತನೂ ಮತ್ತೊಂದೆಡೆ ಶಾಂತನೂ ಆಗಿ ತೋರುವುದನ್ನು ಅವನು ಉದಾಹರಿಸುತ್ತಾನೆ. ಆದರೆ ಕಾವ್ಯದ ಪ್ರಧಾನ ನಾಯಕನಿಗೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಆರಂಭದಲ್ಲಿ ಯಾವ ಅವಸ್ಥೆಯನ್ನು ಕವಿ ಹಿಡಿದನೋ ಅದನ್ನು ಕೊನೆಯವರೆಗೂ ನಿರ್ವಹಿಸಬೇಕು.

ಚರಿತ್ರಕಾರರು ಮಾಡಿದ ತಪ್ಪು ಇಲ್ಲಿಯೇ ಸ್ಪಷ್ಟವಾಗುತ್ತದೆ. ಪ್ರಧಾನ ನಾಯಕನಿಗೆ ಕವಿ ವಿಧಿಸುವ ನಿಯಮವನ್ನು ಅವರು ಮನುಷ್ಯನಿಗೆ ವಿಧಿಸಿದರು. ದಾಖಲೆಗಳಾದರೋ ಧನಿಕನ ಪಕ್ಷದಲ್ಲಿವೆ. ಕೊಡಗಿನ ಜನರನ್ನು ಸೆರೆಹಿಡಿದು ಸಾಗಿಸಿದುದನ್ನೂ ಬಲಾತ್ಕಾರದ ಮತಾಂತರವನ್ನೂ ಟಿಪ್ಪುವಿನ ಪತ್ರಗಳೇ ಹೇಳುತ್ತವೆ. ೧೭೯೧ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಕೊಳ್ಳೆಹೊಡೆದಾಗ, ಶಾರದೆಯ ಪುನಃಪ್ರತಿಷ್ಠೆಗೆ ನೆರವಿತ್ತು ಸ್ವಾಮಿಗಳಿಗೆ ಕನ್ನಡದಲ್ಲಿ ವಿನಯದಿಂದ ಪತ್ರ ಬರೆಯಿಸಿದವನೂ ಅವನೇ. ಈ ಪತ್ರಗಳು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಕರ್ಕ್‌ಪ್ಯಾಟ್ರಿಕನ ಸಂಗ್ರಹದಲ್ಲಿಯೇ ರೇಷ್ಮೆಹುಳುಗಳನ್ನು ಬಂಗಾಳದಿಂದ ತರಿಸಿ ಸಾಕುವ ವಿಷಯವಾದ ಆಜ್ಞೆಯಿದೆ. ಇಂದಿಗೂ ದೇವನಹಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಯುವ ರೈತನಿಗೆ ಈ ಕಡೆಯ ಟಿಪ್ಪು ಅಪರಿಚಿತನಲ್ಲ.

ಹೊರಗಿನ ಕಾರ್ಯಗಳನ್ನು ಬಿಟ್ಟು ಅಂತರಂಗವನ್ನೇ ನೋಡಿದರೆ ಸ್ವಭಾವ ನಿಶ್ಚಿತವಾಗುವುದಿಲ್ಲವೆ ಎಂದು ಮನೋವಿಜ್ಞಾನಿ ಕೇಳಬಹುದು. ಅದೃಷ್ಟವಶಾತ್ ಅಂತಹ ಸಾಧನವೂ ಲಭ್ಯವಿದೆ. ಟಿಪ್ಪು ತನ್ನ ಕೈಬರಹದಲ್ಲಿಯೇ ೩೭ ಕನಸುಗಳನ್ನು ಪಾರಸಿಯಲ್ಲಿ ಬರೆದಿಟ್ಟಿದ್ದನು. ಅರಮನೆಯಲ್ಲಿ ದೊರೆತ ಆ ಪುಸ್ತಕ ೧೮೦೦ರಲ್ಲಿ ಕಂಪನಿಯ ನಿರ್ದೇಶಕರಿಗೆ ಸಂದಿತು; ಮಹಮೂದ್ ಹುಸೇನರ ಇಂಗ್ಲಿಷ್ ಅನುವಾದ ೧೯೫೭ರಲ್ಲಿ ಕರಾಚಿಯಲ್ಲಿ ಪ್ರಕಟವಾಯಿತು. ಒಂದು ಕನಸಿನಲ್ಲಿ ಅವನು ಹಿಂಭಾಗ ಜೀರ್ಣವಾದ ದೊಡ್ಡ ದೇವಾಲಯವನ್ನು ಕಾಣುತ್ತಾನೆ. ವಿಗ್ರಹಗಳಲ್ಲಿ ಎರಡು ಸ್ತ್ರೀರೂಪಗಳಿದ್ದು, ತಾವು ದೇವರನ್ನು ಪ್ರಾರ್ಥಿಸುತ್ತಿರುವೆವೆಂಬ ಮಾತು ಅವುಗಳಿಂದ ಕೇಳಿಬರುತ್ತದೆ. ದೇವರ ಸ್ಮರಣೆಯಲ್ಲಿಯೇ ಇರಿ ಎಂದು ಹೇಳಿ, ಕಟ್ಟಡವನ್ನು ದುರಸ್ತಿ ಮಾಡುವಂತೆ ಅವನು ತನ್ನವರಿಗೆ ಆಜ್ಞಾಪಿಸುತ್ತಾನೆ. ಇದರಲ್ಲಿ ಒಬ್ಬನು ಪರಧರ್ಮಾದರವನ್ನು ಕಾಣಬಹುದು; ಮತ್ತೊಬ್ಬನು, ವಿಗ್ರಹಗಳೂ ತನ್ನ ದೇವರನ್ನೇ ಭಜಿಸಲೆಂಬ ಹಂಬಲವನ್ನು ಕಾಣಬಹುದು. ಕನಸು ಎರಡನ್ನೂ ನಿರಾಕರಿಸುವುದಿಲ್ಲ. ಓದುಗನು ಮೊದಲೇ ಆರಿಸಿಕೊಂಡ ವರ್ಗವೇ ಅದರ ಅರ್ಥವನ್ನು ನಿರ್ಣಯಿಸುತ್ತದೆ. ವರ್ಗವು ಪ್ರಮಾಣದಿಂದ ಹುಟ್ಟಬೇಕಾದಲ್ಲಿ ಪ್ರಮಾಣವೇ ವರ್ಗಕ್ಕೆ ಅಧೀನವಾಗುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ೨೦೧೫ರಲ್ಲಿ ಕರ್ನಾಟಕ ಸರ್ಕಾರ ಟಿಪ್ಪುವಿನ ಜಯಂತಿಯನ್ನು ಆರಂಭಿಸಿದಾಗಲೂ ೨೦೧೯ರಲ್ಲಿ ಅದನ್ನು ನಿಲ್ಲಿಸಿದಾಗಲೂ ವಾದಿಸಿದ ಉಭಯ ಪಕ್ಷಗಳವರು ಒಂದೊಂದು ವರ್ಗನಾಮವನ್ನು ಹಿಡಿದಿದ್ದರು. ಒಂದು ಪಕ್ಷದ ಬಾಯಲ್ಲಿ ಶೃಂಗೇರಿ, ಮತ್ತೊಂದರ ಬಾಯಲ್ಲಿ ಕೊಡಗು. ಎರಡನ್ನೂ ಒಟ್ಟಿಗೆ ನೆನೆಯುವುದಕ್ಕೆ ಅವಕಾಶವೇ ಉಳಿಯಲಿಲ್ಲ. ಸೆರೆಯಾಗಿ ಹೋದ ಕೊಡಗಿನವನ ಸಂಕಟಕ್ಕಾಗಲಿ ಶೃಂಗೇರಿಯಲ್ಲಿ ನೆರವು ಪಡೆದವರ ಅನುಭವಕ್ಕಾಗಲಿ ಇದರಿಂದ ನ್ಯಾಯ ದೊರೆಯದು.

ಹಾಗೆಂದು ಸ್ವಭಾವವರ್ಗಗಳು ಸರ್ವಥಾ ತ್ಯಾಜ್ಯವೆಂದು ಹೇಳುವಂತಿಲ್ಲ. ಪಾತ್ರದ ಸಮಗ್ರ ಜೀವನ ಕಾವ್ಯದೊಳಗೇ ಇರುವುದರಿಂದ ಅಲ್ಲಿ ಅವು ಸಹಾಯಕವಾಗುತ್ತವೆ. ಚರಿತ್ರೆಯ ವ್ಯಕ್ತಿಯ ಜೀವನದಲ್ಲಿ ನಮಗೆ ಉಳಿದಿರುವುದು ಅಲ್ಪಭಾಗ. ಅದೂ ಬಹುಮಟ್ಟಿಗೆ ಶತ್ರುಗಳು ಇಲ್ಲವೆ ಆಶ್ರಿತರು ಉಳಿಸಿದ್ದು. ಆದಕಾರಣ ಕ್ರೂರ, ಉದಾರ, ಅಂತರ್ಮುಖಿ ಎಂಬ ಪ್ರತಿಯೊಂದು ವಿಶೇಷಣದೊಡನೆಯೂ ಯಾವಾಗ, ಯಾರ ವಿಷಯದಲ್ಲಿ, ಯಾರ ಸಾಕ್ಷ್ಯದಿಂದ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಚರಿತ್ರಕಾರನ ಕರ್ತವ್ಯ. ಈ ಮೂರಕ್ಕೂ ಉತ್ತರ ದೊರೆತಾಗ ವರ್ಗನಾಮವು ಧನಿಕನು ಹೇಳಿದಂತೆ ಒಂದು ಅವಸ್ಥೆಯ ಹೆಸರಾಗಿ ಉಳಿಯುತ್ತದೆ; ದೊರೆಯದಿದ್ದಾಗ ಅದನ್ನು ಬರೆಯದಿರುವುದೇ ಲೇಸು.