ಪೇಟೆಯ ಕಾಲ್ದಾರಿ: ಬೆಂಗಳೂರಿನ ನಡಿಗೆಯ ಪಥಗಳು ಮತ್ತು ಜನಪದ ಸ್ಮೃತಿ

ನಗರಚರಿತ್ರೆಗಳಲ್ಲಿ ಕೋಟೆ, ಗುಡಿ, ಕೆರೆಗಳಿಗೆ ದೊರೆತಿರುವ ಸ್ಥಾನ ದಾರಿಗಳಿಗೆ ದೊರೆತಿಲ್ಲ. ಬೆಂಗಳೂರಿನ ಮಟ್ಟಿಗೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಏಕೆಂದರೆ ಈ ಊರಿನ ಹುಟ್ಟಿನ ಐತಿಹ್ಯವೇ ದಾರಿಯ ಐತಿಹ್ಯ. 1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡನು ದೊಡ್ಡಪೇಟೆಯ ಚೌಕದಲ್ಲಿ ಶೃಂಗರಿಸಿದ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಉಳಿಸಿದನೆಂದೂ ಆ ಗೆರೆಗಳೇ ಬೀದಿಗಳಾದವೆಂದೂ ಜನ ಹೇಳುತ್ತ ಬಂದಿದ್ದಾರೆ. ಐತಿಹ್ಯವನ್ನು ದಾಖಲೆಯಂತೆ ಓದುವುದು ಸಲ್ಲದು. ಆದರೆ ಅದರೊಳಗಿರುವ ಅಳತೆಗೋಲು ಗಮನಾರ್ಹವಾದುದು. ಇಲ್ಲಿ ಊರನ್ನು ಅಳೆದದ್ದು ಎತ್ತಿನ ಹೆಜ್ಜೆ, ಅದರ ಹಿಂದೆ ನಡೆದ ಒಕ್ಕಲಿನ ಹೆಜ್ಜೆ.

ಉತ್ತರ-ದಕ್ಷಿಣವಾಗಿ ಸಾಗುವ ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ), ಅದನ್ನು ಅಡ್ಡಹಾಯುವ ಚಿಕ್ಕಪೇಟೆ, ಇವೆರಡಕ್ಕೂ ಅಂಟಿಕೊಂಡ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆಗಳು ತಲೆಹೊರೆ ಮತ್ತು ಗಾಡಿಗಳ ಕಾಲದ ರಚನೆಗಳು. ಒಂದು ಕಸುಬಿನ ಕೇರಿಯಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ನಡಿಗೆ. 1898ರ ಪ್ಲೇಗಿನ ನಂತರ ಈ ಇಕ್ಕಟ್ಟೇ ರೋಗಕ್ಕೆ ಕಾರಣವೆನಿಸಿತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ನೇರ ಬೀದಿಗಳು ಮಾದರಿಯಾದವು. ಆ ಬೀದಿಗಳಲ್ಲಿ ಮುಂದೆ ಸೈಕಲ್ಲು ಸಲೀಸಾಗಿ ಓಡಿತು. ಗಿರಣಿ, ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನಲ್ಲಿ ರಸ್ತೆ ತುಂಬ ಸೈಕಲ್ಲುಗಳೇ ಇದ್ದ ದಶಕಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಗಂಟೆಯ ಲೆಕ್ಕಕ್ಕೆ ಸೈಕಲ್ ಕೊಡುತ್ತಿದ್ದ ಬಾಡಿಗೆ ಅಂಗಡಿಗಳ ಚರಿತ್ರೆಯನ್ನಂತೂ ಯಾರೂ ಬರೆದಿಲ್ಲವೆಂದೇ ಹೇಳಬೇಕು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾದಾಗ ಅದು ತೀರ ಹೊಸದೆಂಬಂತೆ ಸ್ವಾಗತಗೊಂಡದ್ದಕ್ಕೆ ಈ ಮರೆವೂ ಒಂದು ಕಾರಣ.

ಪೇಟೆಯ ನಡಿಗೆಯ ಪಥವನ್ನು ಕಾಗದದ ಮೇಲಲ್ಲದೆ ಕಾಲಿನಲ್ಲಿ ಉಳಿಸಿಕೊಂಡು ಬಂದಿರುವುದು ಕರಗ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೂವಿನ ಕರಗ ಹೊರಡುತ್ತದೆ. ಹೊರುವವನು ಪುರುಷ, ಉಡುಗೆ ಹೆಣ್ಣಿನದು, ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಶಕ್ತಿ, ಸುತ್ತ ಕತ್ತಿ ಹಿಡಿದ ವೀರಕುಮಾರರು. ತಿಗಳ ಸಮುದಾಯದ ನಂಬಿಕೆಯಲ್ಲಿ ಆಕೆ ದ್ರೌಪದಿ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿಯಿತ್ತು, ಪೇಟೆಗಳ ಗುಡಿ, ಮನೆ, ಅಂಗಡಿಗಳ ಮುಂದೆ ಪೂಜೆಗೊಳ್ಳುತ್ತ, ಇರುಳೆಲ್ಲ ನಡೆದು ಗುಡಿಗೆ ಮರಳುತ್ತದೆ. ಗಮನಿಸಬೇಕಾದ ಅಂಶವೆಂದರೆ ಈ ಪಥ ಕೇವಲ ಒಂದು ಗೆರೆಯಲ್ಲ. ಅದು ನಿಲ್ದಾಣಗಳ ಸರಣಿ. ಕರಗ ಎಲ್ಲಿ ನಿಲ್ಲುತ್ತದೆ, ಯಾರ ಕೈಯಿಂದ ಪೂಜೆ ಪಡೆಯುತ್ತದೆ ಎಂಬುದರಲ್ಲಿ ಕೇರಿಗಳ ನಡುವಿನ ಸಂಬಂಧಗಳು ವರ್ಷಕ್ಕೊಮ್ಮೆ ಹೊಸದಾಗುತ್ತವೆ. ನಿಲ್ದಾಣವೊಂದು ತಪ್ಪಿದರೆ ದಾರಿ ಹತ್ತಿರವಾದೀತು, ಸಂಬಂಧವೊಂದು ಕಡಿದೀತು.

ದಾರಿಯ ಜೊತೆಗೆ ನೀರೂ ಇದೆ. ಕರಗದ ವಿಧಿಗಳಿಗೆ ನಂಟಿದ್ದ ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಯಿತು; ವಿಧಿಗಾಗಿ ಒಂದು ಸಣ್ಣ ಕೊಳ ಮಾತ್ರ ಉಳಿಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಬಂತು. ಕೆರೆ ಹೋದರೂ ಆಚರಣೆ ಅದರ ಗುರುತನ್ನು ಬಿಟ್ಟುಕೊಡಲಿಲ್ಲ.

ಇತ್ತೀಚಿನ ಯೋಜನೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2013ರಲ್ಲಿ ‘ಸೈಕಲ್ ದಿನ’ಗಳು ಆರಂಭವಾದವು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟ್ ಮೋಟಾರು ವಾಹನಗಳಿಗೆ ಮುಚ್ಚಿತ್ತು. ಅದೇ ವರ್ಷ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಗುರುತಿಸಲಾಯಿತು, ಅದು ಬಾಳಲಿಲ್ಲ. ಇವೆಲ್ಲವುಗಳಿಗಿಂತ ಭಿನ್ನವಾದುದು ಕೋರಮಂಗಲ ಕಣಿವೆಯ ರಾಜಕಾಲುವೆಯ ಕಾಮಗಾರಿ. 2021ರಿಂದೀಚೆಗೆ ಅಂದಿನ ಮಹಾನಗರ ಪಾಲಿಕೆಯು ಕಾಲುವೆಗೆ ಸೇರುತ್ತಿದ್ದ ಕೊಳಚೆ ನೀರನ್ನು ಬೇರ್ಪಡಿಸಿ, ದಡದಲ್ಲಿ ನಡಿಗೆಯ ಹಾದಿ ನಿರ್ಮಿಸಲು ಕೈಹಾಕಿತು. ನೀರು ಹರಿದ ಜಾಡಿನಲ್ಲೇ ಜನ ನಡೆಯುವಂತಾಗಬೇಕೆಂಬ ಕಲ್ಪನೆ ಹಳೆಯ ಊರಿನ ತರ್ಕಕ್ಕೆ ಹತ್ತಿರವಾದುದು, ಮೆಚ್ಚತಕ್ಕದ್ದು.

ಆದರೂ ಒಂದು ಕೊರತೆ ಉಳಿಯುತ್ತದೆ. ಈ ಯೋಜನೆಗಳು ನಡೆಯುವವನನ್ನು ವಿಹಾರಿ ಎಂದು ಭಾವಿಸುತ್ತವೆ. ಅವೆನ್ಯೂ ರಸ್ತೆಯಲ್ಲಿ ಇಂದಿಗೂ ಅತಿ ಹೆಚ್ಚು ನಡೆಯುವವನು ಬಟ್ಟೆಯ ಗಂಟು ಹೊತ್ತ ಹಮಾಲಿ. ಸೈಕಲ್ಲನ್ನು ಬದುಕಿಗಾಗಿ ತುಳಿಯುವವನು ಹಾಲು, ಹೂವು, ಸೊಪ್ಪು ಸಾಗಿಸುವವನು. ಪಾರಂಪರಿಕ ನಡಿಗೆಯ ನಕ್ಷೆಗಳಲ್ಲಿ ಗುಡಿ, ಗೋಪುರಗಳಿಗೆ ಗುರುತಿರುತ್ತದೆ. ಹೊರೆ ಇಳಿಸಿ ಬೆನ್ನು ನೇರ ಮಾಡಿಕೊಳ್ಳುವ ಕಟ್ಟೆಗೆ ಇರುವುದಿಲ್ಲ. ಹಳೆಯ ಹಾದಿಬದಿಗಳಲ್ಲಿ ಹೊರೆಗಲ್ಲು, ಅರವಟಿಗೆಗಳು ಇದ್ದವೆಂಬುದನ್ನು ಮರೆಯುವಂತಿಲ್ಲ. ಚರ್ಚ್ ಸ್ಟ್ರೀಟಿಗೆ ವಾಹನ ನಿಲ್ಲಿಸಲು ಆದೇಶ ಬೇಕಾಯಿತು. ಕರಗದ ರಾತ್ರಿ ಅಷ್ಟೂ ಪೇಟೆಗಳು ನಡಿಗೆಗೆ ತೆರವಾಗುವುದರ ಹಿಂದೆ ಇರುವುದು ಆದೇಶಕ್ಕಿಂತ ಹಳೆಯದಾದ ಒಪ್ಪಿಗೆ.

ಪಥಗಳನ್ನು ರೂಪಿಸುವ ಮುನ್ನ ಅಗಲ, ಇಳಿಜಾರುಗಳ ಮೋಜಣಿ ನಡೆಯುತ್ತದೆ. ಕರಗದ ನಿಲ್ದಾಣಗಳು, ಹಮಾಲಿಗಳ ಸಂದಿಗಳು, ಸೈಕಲ್ ವ್ಯಾಪಾರಿಗಳ ದೈನಿಕ ಸುತ್ತುಗಳು ಆ ಮೋಜಣಿಯ ಪುಸ್ತಕಕ್ಕೆ ಸೇರಬೇಕಾಗಿದೆ. ಈ ಜಾಡುಗಳನ್ನು ಬಾಯಲ್ಲಿ ಹೇಳಬಲ್ಲ ತಲೆಮಾರು ಪೇಟೆಯಲ್ಲಿ ಇನ್ನೂ ಇದೆ.