ನೆಲಕಡಲೆ ಬೆಣ್ಣೆಯ ಕುಕ್ಕೀಸ್ ಮನೆಯಲ್ಲೇ: ಕಾಳು ಆರಿಸುವುದರಿಂದ ಡಬ್ಬಿ ತುಂಬಿಸುವ ತನಕ

ಪೀನಟ್ ಬಟರ್ ಅಂದ ಕೂಡಲೇ ಸೂಪರ್ ಮಾರ್ಕೆಟಿನ ದುಬಾರಿ ಡಬ್ಬಿ ಕಣ್ಣ ಮುಂದೆ ಬರುತ್ತದೆ. ಆದರೆ ಆ ಡಬ್ಬಿಯೊಳಗೆ ಇರುವುದು ಹುರಿದು ಅರೆದ ನೆಲಕಡಲೆ, ಅಷ್ಟೇ. ಕರಾವಳಿಯ ನೆಲಕಡಲೆ ಬೆಂಗಳೂರಿನ ಕಡೆ ಕಡಲೆಕಾಯಿ, ಹುಬ್ಬಳ್ಳಿ-ಬೆಳಗಾವಿಗೆ ಹೋದರೆ ಶೇಂಗಾ, ಗಡಿ ದಾಟಿ ಮಿರಜ್ ತಲುಪಿದರೆ ಶೇಂಗದಾಣಾ. ಮಿಕ್ಸಿ ಮತ್ತು ಒಂದು ಸಣ್ಣ ಓವನ್ ಇದ್ದರೆ, ಓವನ್ ಇಲ್ಲದಿದ್ದರೆ ಒಂದು ದಪ್ಪ ತಳದ ಪಾತ್ರೆ ಇದ್ದರೂ, ಈ ಕುಕ್ಕೀಸ್ ಮನೆಯಲ್ಲೇ ಆಗ್ತದೆ.

ಸಾಂಗ್ಲಿ ಜಿಲ್ಲೆಯ ಮಿರಜ್ ತಾಲೂಕಿನಲ್ಲಿ, ಕೃಷ್ಣಾ ನದಿಯ ದಡದಲ್ಲಿ ಕಸಬೆ ಡಿಗ್ರಜ ಎಂಬ ಊರಿದೆ. ಪಕ್ಕದಲ್ಲೇ ಮೌಜೆ ಡಿಗ್ರಜ. ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ ಊರು, ಆದರೆ ಬೀಜದ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಸಂಶೋಧನಾ ಕೇಂದ್ರ ಇಲ್ಲಿದೆ. ಸೋಯಾಬೀನ್ ಮತ್ತು ಶೇಂಗಾ ಇಲ್ಲಿನ ಮುಖ್ಯ ಕೆಲಸ. ರೈತರು ಬಾಯಲ್ಲಿ 'ಕೆಡಿಎಸ್ 726' ಎಂದು ಹೇಳುವ ಫುಲೆ ಸಂಗಮ ಸೋಯಾಬೀನ್ ತಳಿ ಇಲ್ಲಿಯದ್ದೇ. ಆ ಕೆಡಿಎಸ್‌ನಲ್ಲಿರುವ ಕೆಡಿ ಎಂದರೆ ಕಸಬೆ ಡಿಗ್ರಜ. ಶೇಂಗಾ ತಳಿಗಳಿಗೆ ಕೆಡಿಜಿ ಎಂಬ ಗುರುತು. ಈ ಸೀಮೆಯ ಅಡುಗೆಮನೆಯಲ್ಲಿ ಹುರಿದು ಪುಡಿ ಮಾಡಿದ ಶೇಂಗಾ, ಅಂದರೆ 'ಕೂಟ', ನಮ್ಮಲ್ಲಿ ತೆಂಗಿನತುರಿ ಇದ್ದ ಹಾಗೆ. ಪಲ್ಯಕ್ಕೂ ಅದೇ, ಉಪವಾಸದ ಸಾಬುದಾನೆ ಖಿಚಡಿಗೂ ಅದೇ. ಆ ಕೂಟವನ್ನು ಇನ್ನೂ ಐದಾರು ನಿಮಿಷ ಮಿಕ್ಸಿಯಲ್ಲಿ ತಿರುಗಿಸಿದರೆ ಪೀನಟ್ ಬಟರ್.

ಕುಕ್ಕೀಸ್ ಮಾತ್ರ ಅಮೆರಿಕದಿಂದ ಬಂದದ್ದು. ಗುಲಾಮರ ಮನೆಯಲ್ಲಿ ಹುಟ್ಟಿ ದೊಡ್ಡ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ಟಸ್ಕೆಗಿಯಿಂದ ಒಂದು ಪುಸ್ತಿಕೆ ಹೊರಡಿಸಿದರು. ನೆಲಕಡಲೆ ಬೆಳೆಯುವುದು ಹೇಗೆ, ಅದನ್ನು 105 ರೀತಿಯಲ್ಲಿ ತಿನ್ನುವುದು ಹೇಗೆ ಎಂಬುದು ಅದರ ವಿಷಯ. ಹತ್ತಿ ಬೆಳೆದು ಬೆಳೆದು ಸತ್ವ ಕಳೆದುಕೊಂಡ ಹೊಲಗಳ ಬಡ ರೈತರಿಗಾಗಿ ಬರೆದದ್ದು. ನೆಲಕಡಲೆ ಕುಕ್ಕೀಸ್ ಕೂಡ ಆ ಪಟ್ಟಿಯಲ್ಲಿತ್ತು. ಪೀನಟ್ ಬಟರನ್ನು ಕಾರ್ವರ್ ಕಂಡುಹಿಡಿದರು ಎಂದು ಶಾಲಾ ಮಕ್ಕಳ ಪುಸ್ತಕಗಳಲ್ಲೂ ಬರುತ್ತದೆ, ಅದು ಸರಿಯಲ್ಲ. ಅದಕ್ಕೆ ಪೇಟೆಂಟ್ 1884ರಲ್ಲೇ ಕೆನಡಾದ ಮಾರ್ಸೆಲಸ್ ಎಡ್ಸನ್ ಹೆಸರಲ್ಲಿ ಆಗಿತ್ತು.

ಕಾಳು ಆರಿಸುವಲ್ಲಿ ಅವಸರ ಬೇಡ

ಈ ತಿಂಡಿಯಲ್ಲಿ ಅತಿ ಮುಖ್ಯವಾದ ಹಂತ ಇದೇ. ಹೆಚ್ಚಿನ ಅಡುಗೆ ವಿಡಿಯೋಗಳಲ್ಲಿ ಇದರ ಬಗ್ಗೆ ಒಂದು ಮಾತೂ ಇರುವುದಿಲ್ಲ. ನೆಲಕಡಲೆಯನ್ನು ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ, ಗೋದಾಮಿನಲ್ಲಿ ತೇವ ತಾಗಿದರೆ, ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಹಿಡಿಯುತ್ತದೆ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಲಿವರ್‌ಗೆ ಹಾನಿ ಮಾಡುವ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಸೇರಿಸಿದೆ. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಓವನ್‌ನಲ್ಲಿ ಬೇಯಿಸಿದರೂ ಅಷ್ಟೇ. ರುಚಿ, ವಾಸನೆಯಿಂದ ಕಂಡುಹಿಡಿಯಲೂ ಆಗುವುದಿಲ್ಲ.

ಹಾಗಾಗಿ ಮುರುಟಿದ, ಕಪ್ಪಾದ, ಹಸಿರು ಅಥವಾ ಹಳದಿ ಪುಡಿ ಅಂಟಿದ ಕಾಳನ್ನು ಒಂದೊಂದಾಗಿ ಆರಿಸಿ ಎಸೆಯಿರಿ. 'ಅರೆಯುವುದಲ್ವಾ, ಯಾವುದಾದರೇನು' ಎಂದು ತುಂಡು ಕಾಳು, ಹಳೆ ಕಾಳು ಕಡಿಮೆ ರೇಟಿಗೆ ತರಬೇಡಿ. ಅರೆದ ಮೇಲೆ ಕೆಟ್ಟ ಕಾಳು ಯಾವುದು ಎಂದು ಯಾರಿಗೂ ಕಾಣುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ತೆರೆದ ಗೋಣಿಯಲ್ಲಿಟ್ಟು ಮಾರುವ ಕಾಳಿಗಿಂತ ಗಾಳಿಯಾಡದ ಪ್ಯಾಕೆಟ್ ಒಳ್ಳೆಯದು. ಕೃಷ್ಣಾ ದಡದವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. 2019ರ ಆಗಸ್ಟಿನಲ್ಲಿ ಸಾಂಗ್ಲಿ ಪೇಟೆಯೊಳಗೇ ನೆರೆ ನೀರು ನುಗ್ಗಿತ್ತು. ನೀರು ಕುಡಿದ ಕಾಳನ್ನು ಬಿಸಿಲಿಗೆ ಹರಡಿ ಮತ್ತೆ ಬಳಸುವ ಆಸೆ ಎಷ್ಟೇ ಇದ್ದರೂ, ಅದು ತಿನ್ನಲು ಯೋಗ್ಯವಲ್ಲ.

ಬೆಣ್ಣೆ ಮಾಡುವುದು

ಕಾಲು ಕಿಲೋ ಕಾಳನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಕೈ ಬಿಡದೆ ಹುರಿಯಿರಿ. ಸಿಪ್ಪೆ ಬಿರಿದು ಒಳಗೆ ತಿಳಿ ಕಂದು ಬಣ್ಣ ಬಂದರೆ ಸಾಕು. ಹೆಚ್ಚು ಹುರಿದರೆ ಕಹಿ ಬರ್ತದೆ. ಕುಕ್ಕೀಸ್ ಓವನ್‌ನಲ್ಲಿ ಇನ್ನೊಮ್ಮೆ ಬೇಯುವುದಿದೆ ಎಂಬುದು ನೆನಪಿರಲಿ. ಬಟ್ಟೆಯಲ್ಲಿ ಹಾಕಿ ಉಜ್ಜಿ ಸಿಪ್ಪೆ ಬಿಡಿಸಿ, ಉಗುರುಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಉಂಡೆಯಂತೆ ಅಂಟುತ್ತದೆ. ಇಲ್ಲೇ ಹಲವರು 'ಆಗ್ಲಿಲ್ಲ' ಎಂದು ನೀರು ಹಾಕುವುದು. ಒಂದು ಹನಿ ನೀರನ್ನೂ ಹಾಕ್ಬೇಡಿ. ಕಾಳಿನ ತೂಕದ ಅರ್ಧದಷ್ಟು ಎಣ್ಣೆಯೇ ಇರ್ತದೆ, ಅದು ಹೊರಬರಲು ಸಮಯ ಬೇಕು. ನೀರು ಬಿದ್ದರೆ ಗಟ್ಟಿಯಾಗಿ ಬಿಡುತ್ತದೆ, ಬೇಗ ಹಾಳೂ ಆಗುತ್ತದೆ. ಅರ್ಧ ನಿಮಿಷ ತಿರುಗಿಸಿ, ಬದಿ ಕೆರೆದು, ಮಿಕ್ಸಿಗೆ ಒಂದೆರಡು ನಿಮಿಷ ವಿಶ್ರಾಂತಿ ಕೊಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ದೋಸೆ ಹಿಟ್ಟಿನಂತೆ ಹರಿಯುತ್ತದೆ. ತೀರಾ ಒಣಗಿದ್ದರೆ ಒಂದು ಚಮಚ ಅಡುಗೆ ಎಣ್ಣೆ ಸಾಕು.

ಹಿಟ್ಟು ಕಲಸುವುದು, ಬೇಯಿಸುವುದು

25ರಷ್ಟು ಕುಕ್ಕೀಸ್‌ಗೆ ಬೇಕಾದ್ದು: ನೆಲಕಡಲೆ ಬೆಣ್ಣೆ 150 ಗ್ರಾಂ, ಮೆತ್ತಗಾದ ಹಾಲಿನ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 125 ಗ್ರಾಂ, ಒಂದು ಮೊಟ್ಟೆ, ಮೈದಾ 160 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ. ಅಂಗಡಿಯ ಸಿಹಿ ಪೀನಟ್ ಬಟರ್ ಬಳಸಿದರೆ ಸಕ್ಕರೆ 25 ಗ್ರಾಂ ಕಡಿಮೆ ಮಾಡಿ. ಮೊಟ್ಟೆ ಬೇಡದವರು ಮೂರು ದೊಡ್ಡ ಚಮಚ ಹಾಲು ಹಾಕಬಹುದು, ಆದರೆ ಅದು ಸ್ವಲ್ಪ ಪುಡಿಪುಡಿಯಾಗಿ ಬರ್ತದೆ.

ಎರಡೂ ಬೆಣ್ಣೆ ಮತ್ತು ಸಕ್ಕರೆಯನ್ನು ಬಣ್ಣ ತಿಳಿಯಾಗುವ ತನಕ ಕಡೆಯಿರಿ. ಮೊಟ್ಟೆ ಸೇರಿಸಿ. ಜರಡಿ ಹಿಡಿದ ಮೈದಾ, ಸೋಡಾ, ಉಪ್ಪು ಹಾಕಿ ಕೈಯಲ್ಲಿ ಮೆಲ್ಲಗೆ ಕೂಡಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಕುಕ್ಕೀಸ್ ಗಟ್ಟಿಯಾಗುತ್ತದೆ. ಮನೆಯ ನೆಲಕಡಲೆ ಬೆಣ್ಣೆಯಲ್ಲಿ ಎಣ್ಣೆ ಬೇಗ ಬಿಡುವುದರಿಂದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು. ಸೋಡಾ ಅಳತೆ ಮೀರಿದರೆ ಸಾಬೂನಿನ ರುಚಿ. ಸಾಂಗ್ಲಿಯ ಒಣದ್ರಾಕ್ಷಿ ಸಿಕ್ಕಿದರೆ ಒಂದು ಹಿಡಿ ಸೇರಿಸಿ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಸರಕು ಅದು.

ನಿಂಬೆ ಗಾತ್ರಕ್ಕಿಂತ ಸಣ್ಣ ಉಂಡೆ ಮಾಡಿ, ತಟ್ಟೆಯಲ್ಲಿ ಅಂತರ ಬಿಟ್ಟು ಇಟ್ಟು, ಫೋರ್ಕಿನಿಂದ ಅಡ್ಡಕ್ಕೂ ಉದ್ದಕ್ಕೂ ಒತ್ತಿ. ಆ ಗೆರೆ ಚಂದಕ್ಕೆ ಮಾತ್ರ ಅಲ್ಲ. ಈ ಹಿಟ್ಟು ಭಾರ, ತಾನಾಗಿ ಅಷ್ಟೊಂದು ಹರಡುವುದಿಲ್ಲ. ಒತ್ತದಿದ್ದರೆ ಹೊರಗೆ ಕೆಂಪಾಗಿ ನಡುವೆ ಹಸಿ ಉಳಿಯುತ್ತದೆ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ 11ರಿಂದ 13 ನಿಮಿಷ. ಹೊರತೆಗೆಯುವಾಗ ಮೆತ್ತಗೇ ಇರ್ತದೆ, ಬೆಂದಿಲ್ಲ ಎಂದು ಮತ್ತೆ ಒಳಗಿಡಬೇಡಿ. ತಟ್ಟೆಯಲ್ಲೇ ಹತ್ತು ನಿಮಿಷ ಬಿಟ್ಟರೆ ಗರಿಯಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಬಿಸಿ ಮಾಡಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ. ಕುಕ್ಕರ್ ಆದರೆ ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದಿರಲೇಬೇಕು.

ಪಶ್ಚಿಮ ಮಹಾರಾಷ್ಟ್ರದ ಊರುಗಳಲ್ಲಿ ಹಬ್ಬದ ಮುಂಚೆ ಹಿಟ್ಟು, ಸಕ್ಕರೆ, ತುಪ್ಪ ಕೊಂಡುಹೋಗಿ ಬೇಕರಿಯ ಭಟ್ಟಿಯಲ್ಲಿ ನಾನ್‌ಖಟಾಯಿ ಮಾಡಿಸಿಕೊಂಡು ಬರುವ ರೂಢಿ ಇದೆ. ಕುಕ್ಕೀಸ್‌ಗೆ ಅದು ಹತ್ತಿರದ ಸಂಬಂಧಿ. ಮೈದಾ 150 ಗ್ರಾಂ, ಕೂಟ 50 ಗ್ರಾಂ, ತುಪ್ಪ 100 ಗ್ರಾಂ, ಪುಡಿ ಸಕ್ಕರೆ 90 ಗ್ರಾಂ, ಒಂದು ಚಿಟಿಕೆ ಸೋಡಾ, ಏಲಕ್ಕಿ. ಮೊಟ್ಟೆ ಬೇಡ, ಮಿಕ್ಸಿಯ ಕಷ್ಟವೂ ಇಲ್ಲ. ನಿಜ ಹೇಳುವುದಾದರೆ ಚಹಾಕ್ಕೆ ಇದೇ ಹೆಚ್ಚು ಹೊಂದುತ್ತದೆ.

ಬಡಿಸುವ ಮೊದಲು ಕೇಳಿ

ಕೆಲವರಿಗೆ ನೆಲಕಡಲೆ ಅಲರ್ಜಿ ಇರ್ತದೆ. ಚೂರು ತಿಂದರೂ ಮೈ ತುರಿಕೆ, ತುಟಿ-ಮುಖ ಊತ, ವಾಂತಿ, ಉಸಿರಾಟದ ತೊಂದರೆ ಬರಬಹುದು. ಉಸಿರು ಕಟ್ಟುವಂತಾದರೆ ಮನೆಮದ್ದು ಹುಡುಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು; ಅದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಈದ್‌ಗೆ ಮನೆಗೆ ಬರುವ ಮಕ್ಕಳಿಗೆ ಕೊಡುವ ಮೊದಲು ಅವರ ಉಮ್ಮನಲ್ಲಿ ಒಂದು ಮಾತು ಕೇಳಿ. ಈಗ ನಮ್ಮ ಹಲವು ಹೆಣ್ಣುಮಕ್ಕಳು ಮನೆಯಿಂದಲೇ ಬೇಕಿಂಗ್ ಮಾಡಿ ಮಾರುತ್ತಾರೆ. ಅವರಿಗೆ ಎಫ್ಎಸ್ಎಸ್ಎಐ ನೋಂದಣಿ ಬೇಕು. ಪ್ಯಾಕೆಟ್ ಮಾಡಿ ಮಾರುವುದಾದರೆ 2020ರ ಲೇಬಲ್ ನಿಯಮದ ಪ್ರಕಾರ ನೆಲಕಡಲೆ, ಗೋಧಿ, ಹಾಲು, ಮೊಟ್ಟೆ ಇದೆ ಎಂದು ಕಾಣುವಂತೆ ಬರೆಯಬೇಕು. ಅದೇ ಮಿಕ್ಸಿ, ಅದೇ ತಟ್ಟೆಯಲ್ಲಿ ಬೇರೆ ಬಿಸ್ಕಿಟ್ ಮಾಡುವುದಿದ್ದರೆ ಅದನ್ನೂ ಗಿರಾಕಿಗೆ ತಿಳಿಸಿ.

ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಬಿಗಿ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರ್ತದೆ. ಆಮೇಲೆ ಎಣ್ಣೆ ಕಮಟು ವಾಸನೆ ಶುರು. ಜುನಾಗಢದ ಸಂಶೋಧಕರು ಮತ್ತು ಇಕ್ರಿಸಾಟ್ ಸೇರಿ ತಂದ ಗಿರ್ನಾರ್ 4, ಗಿರ್ನಾರ್ 5 ತಳಿಗಳ ಎಣ್ಣೆಯಲ್ಲಿ ಓಲಿಕ್ ಆಮ್ಲ ಹೆಚ್ಚು, ಅದು ಇಷ್ಟು ಬೇಗ ಕಮಟುವುದಿಲ್ಲ. ಉಳಿದ ನೆಲಕಡಲೆ ಬೆಣ್ಣೆ ಫ್ರಿಜ್ಜಿನಲ್ಲಿರಲಿ. ಮೇಲೆ ಎಣ್ಣೆ ತೇಲಿದರೆ ಚೆಲ್ಲಬೇಡಿ, ಒಣ ಚಮಚದಲ್ಲಿ ಕಲಸಿ ಬಳಸಿ.