ಹಳೆಯ ಅಲ್ಯೂಮಿನಿಯಂ ದೋಣಿಗೆ ಮರುಜೀವ: ಬಣ್ಣಕ್ಕಿಂತ ಮೊದಲು ಭಾರದ ಲೆಕ್ಕ

ಕಲಬುರಗಿ: ಬಿರುಬಿಸಿಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ನೀರಿನ ಮೇಲೆ ಒಂದು ತಂಪಾದ ಬೆಳಗು ಕಳೆಯುವ ಆಸೆ ಯಾರಿಗಿಲ್ಲ? ಜೇವರ್ಗಿ ಕಾಲೋನಿಯಂತಹ ಬಡಾವಣೆಯಿಂದ ಹೊರಟವರಿಗೆ ನಗರದೊಳಗೇ ಶರಣಬಸವೇಶ್ವರ ಕೆರೆ ಸಿಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆಗೆ ಸಾಗಿದರೆ ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರೆಯ ನೀರು ಹರಡಿಕೊಂಡಿದೆ. ಜೇವರ್ಗಿಯ ದಾರಿ ಹಿಡಿದರೆ ಕಟ್ಟಿ ಸಂಗಾವಿಯಲ್ಲಿ ಭೀಮಾ ನದಿ ಎದುರಾಗುತ್ತದೆ. ನೀರು ಇಷ್ಟು ಹತ್ತಿರವಿರುವಾಗ, ಮೀನುಗಾರಿಕೆಗೆ ಬಳಸಿ ಮೂಲೆಗೆ ಸೇರಿದ ದೋಣಿಯೊಂದನ್ನು ಕೊಂಡು, ದುರಸ್ತಿ ಮಾಡಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವಿಹರಿಸಬಾರದೇಕೆ ಎಂಬ ಯೋಚನೆ ಸಹಜವೇ.

ಯೋಚನೆ ತಪ್ಪಲ್ಲ. ಆದರೆ ಮೀನುಗಾರನ ದೋಣಿ ಬೇರೆ, ಕುಟುಂಬದ ದೋಣಿ ಬೇರೆ. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವಾಗ ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಣ್ಣಿಗೆ ಕಾಣದ ಭಾಗಗಳೇ ಜೀವ ಉಳಿಸುತ್ತವೆ. ಈ ಕೆಲಸಕ್ಕೆ ಕೈಹಾಕುವವರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಅಲ್ಯೂಮಿನಿಯಂ ಏಕೆ?

ನಮ್ಮ ಒಳನಾಡಿನ ನದಿ, ಕೆರೆಗಳಲ್ಲಿ ಮೀನುಗಾರರು ಬಳಸುತ್ತ ಬಂದಿರುವುದು ಬಿದಿರಿನ ಹರಗೋಲು. ಇತ್ತೀಚಿನ ದಶಕಗಳಲ್ಲಿ ಫೈಬರ್ ದೋಣಿಗಳೂ ಬಂದಿವೆ. ಅಲ್ಯೂಮಿನಿಯಂ ದೋಣಿ ಇಲ್ಲಿ ಅಪರೂಪ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಗ್ರಮ್ಮನ್ ವಿಮಾನ ತಯಾರಿಕಾ ಸಂಸ್ಥೆ, ವಿಮಾನಕ್ಕೆ ಬಳಸುವ ತಗಡು ಮತ್ತು ರಿವೆಟ್ ತಂತ್ರದಿಂದಲೇ ಹಗುರ ದೋಣಿಗಳನ್ನು ತಯಾರಿಸಲು ಮುಂದಾಯಿತು. ಅಲ್ಲಿಂದೀಚೆಗೆ ಉತ್ತರ ಅಮೆರಿಕದ ಸರೋವರಗಳಲ್ಲಿ ಸಣ್ಣ ಮೀನುಗಾರಿಕೆಗೆ ಈ ಲೋಹವೇ ಅಚ್ಚುಮೆಚ್ಚಿನದಾಯಿತು.

ಕಾರಣ ಸರಳ. ಅಲ್ಯೂಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು ಮಾತ್ರ. ಉಕ್ಕಿನದು ಸುಮಾರು 7.8 ಪಟ್ಟು. ಗಾಳಿ ತಗುಲಿದ ಕೂಡಲೇ ಅದರ ಮೇಲೆ ಆಕ್ಸೈಡಿನ ತೆಳುವಾದ ಪೊರೆ ಮೂಡಿ ಒಳಗಿನ ಲೋಹವನ್ನು ಕಾಪಾಡುತ್ತದೆ. ಹೀಗಾಗಿ ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ. ಆದರೆ ಈ ಪೊರೆ ಅಭೇದ್ಯವಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ಒಳಮೈ ಚುಕ್ಕೆ ಬೀಳುವುದನ್ನು ಗೃಹಿಣಿಯರು ಬಲ್ಲರು. ಹುಳಿ, ಕ್ಷಾರ, ಉಪ್ಪು ಹಾಗೂ ಬೇರೆ ಲೋಹದ ಸಹವಾಸ ದೋಣಿಗೂ ಹಗೆಯೇ.

ಕೊಳ್ಳುವ ಮುನ್ನ ಪರೀಕ್ಷೆ

ದೋಣಿಯನ್ನು ಮಗುಚಿ ಹಾಕಿ ತಳವನ್ನು ನೋಡುವುದು ಮೊದಲ ಕೆಲಸ. ಸಣ್ಣ ತಗ್ಗು, ಗೀರುಗಳಿಗೆ ಅಂಜಬೇಕಿಲ್ಲ. ನಡುಬೆನ್ನಿನ ಉದ್ದಕ್ಕೂ ಬಿರುಕು, ಬೆಸುಗೆಯ ಅಂಚಿನಲ್ಲಿ ಸೀಳು, ಬಿಳಿ ಪುಡಿ ಕೆರೆದಾಗ ಆಳವಾಗಿ ಕಾಣುವ ಗುಂಡಿಗಳು, ಒತ್ತಿದರೆ ಬಾಗುವಷ್ಟು ಸವೆದ ತಗಡು ಇವು ಕಂಡುಬಂದರೆ ಆ ದೋಣಿಯನ್ನು ಬಿಡುವುದೇ ಲೇಸು.

ಎರಡನೆಯದು ಹಿಂಬದಿಯ ಹಲಗೆ. ಯಂತ್ರವನ್ನು ತೂಗುಹಾಕುವ ಈ ಭಾಗದಲ್ಲಿ ಲೋಹದ ಹೊದಿಕೆಯ ನಡುವೆ ಪ್ಲೈವುಡ್ ಇರುತ್ತದೆ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಕೊಳೆತಿರಬಹುದು. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದರೆ ಹಲಗೆ ಹೋಗಿದೆ ಎಂದೇ ಅರ್ಥ. ಕೊಳೆತ ಹಲಗೆಗೆ ಬಿಗಿದ ಯಂತ್ರ ನಡುನೀರಿನಲ್ಲಿ ಕಳಚಿಕೊಳ್ಳಬಹುದು.

ಮೂರನೆಯದು ಆಸನಗಳ ಒಳಗಿರುವ ಫೋಮ್. ದೋಣಿಯಲ್ಲಿ ನೀರು ತುಂಬಿದರೂ ಅದು ತಳ ಸೇರದಂತೆ ತೇಲಿಸುವುದು ಇದೇ. ವರ್ಷಾನುಗಟ್ಟಲೆ ಮಳೆಯಲ್ಲಿ ನೆನೆದ ಫೋಮ್ ನೀರನ್ನು ಹೀರಿ ಭಾರವಾಗಿರುತ್ತದೆ. ಆಗ ಅದು ತೇಲಿಸುವ ಬದಲು ಮುಳುಗಿಸಲು ನೆರವಾಗುತ್ತದೆ. ಒಂದು ತುಂಡು ಕತ್ತರಿಸಿ ಹಿಂಡಿ ನೋಡಿದರೆ ಸತ್ಯ ಗೊತ್ತಾಗುತ್ತದೆ.

ಸೋರಿಕೆ ಪತ್ತೆ, ರಿವೆಟ್ ದುರಸ್ತಿ

ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿ ಒಳಗೆ ನೀರು ಹಾಕಿದರೆ ಸೋರುವ ರಿವೆಟ್‌ಗಳು ಹೊರಮೈಯಲ್ಲಿ ತಾವೇ ಗುರುತು ಹೇಳುತ್ತವೆ. ಸೀಮೆಸುಣ್ಣದಿಂದ ಸುತ್ತುಹಾಕಿಕೊಳ್ಳಬೇಕು. ಅಂಚಿನವರೆಗೆ ತುಂಬುವ ಅಗತ್ಯವಿಲ್ಲ. 1,000 ಲೀಟರ್ ನೀರು ಎಂದರೆ ಒಂದು ಟನ್ ಭಾರ ಎಂಬುದು ನೆನಪಿರಲಿ.

ಸಡಿಲಗೊಂಡ ರಿವೆಟ್ ಬಿಗಿಯಲು ಇಬ್ಬರು ಬೇಕು. ಒಬ್ಬರು ರಿವೆಟ್ಟಿನ ತಲೆಗೆ ಭಾರದ ಕಬ್ಬಿಣದ ತುಂಡನ್ನು ಒತ್ತಿ ಹಿಡಿದರೆ, ಇನ್ನೊಬ್ಬರು ಅದರ ಬಾಲದ ತುದಿಗೆ ಸುತ್ತಿಗೆಯಿಂದ ಬಡಿಯಬೇಕು. ಬಿಗಿಯಾಗದಿದ್ದಲ್ಲಿ ಹಳೆಯದನ್ನು ಕೊರೆದು ತೆಗೆದು, ದೋಣಿಗೆಂದೇ ತಯಾರಾದ ಪಾಲಿಯುರೆಥೇನ್ ಅಂಟು ಲೇಪಿಸಿ ಹೊಸ ಅಲ್ಯೂಮಿನಿಯಂ ರಿವೆಟ್ ಹಾಕಬೇಕು. ಸಿಲಿಕೋನ್ ಬಳಸಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಬಿರುಕಿಗೆ ಬೆಸುಗೆ ಅನಿವಾರ್ಯವಾದರೆ ಆರ್ಗಾನ್ ವೆಲ್ಡಿಂಗ್ ಬಲ್ಲ ನುರಿತವರ ಬಳಿಗೇ ಒಯ್ಯಬೇಕು. ಶುದ್ಧ ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ದೋಣಿಯ ಮಿಶ್ರಲೋಹಗಳು ಅದಕ್ಕೂ ಮೊದಲೇ ಕರಗತೊಡಗುತ್ತವೆ. ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಕೆ ಕೊಡದೆ ಈ ಲೋಹ ಒಮ್ಮೆಲೇ ತೂತು ಬೀಳುತ್ತದೆ. ಫೋಮ್ ಮತ್ತು ಪೆಟ್ರೋಲ್ ಟ್ಯಾಂಕನ್ನು ತೆಗೆಯದೆ ಬೆಸುಗೆಗೆ ಕೊಡಲೇಬಾರದು.

ಬಣ್ಣದ ಕೆಲಸ

ಹಳೆಯ ಬಣ್ಣ ಕೀಳಲು ಕಾಸ್ಟಿಕ್ ಸೋಡಾ ಬಳಸುವುದು ದೊಡ್ಡ ಪ್ರಮಾದ. ಅದು ಅಲ್ಯೂಮಿನಿಯಂ ಅನ್ನೇ ಕರಗಿಸಿ, ಬೆಂಕಿ ಹತ್ತಬಲ್ಲ ಜಲಜನಕ ಅನಿಲವನ್ನು ಹೊರಬಿಡುತ್ತದೆ. ಸಾಧಾರಣ ಕಬ್ಬಿಣದ ಬ್ರಷ್ಷಿನಿಂದ ಉಜ್ಜಿದರೆ ಕಬ್ಬಿಣದ ಕಣಗಳು ಉಳಿದು ಮುಂದೆ ಕಲೆಗಳಾಗುತ್ತವೆ; ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ ಅಥವಾ ಮರಳು ಕಾಗದ ಸೂಕ್ತ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಖಕ್ಕೆ ಮಾಸ್ಕ್ ಕಡ್ಡಾಯ, ಮಕ್ಕಳನ್ನು ದೂರವಿಡಬೇಕು.

ಉಜ್ಜಿದ ಲೋಹದ ಮೇಲೆ ಮತ್ತೆ ಪೊರೆ ಕಟ್ಟಿಕೊಳ್ಳುವುದರಿಂದ ಅಂದೇ ಎಚ್ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಬಳಿಯಬೇಕು. ಪಾಚಿ ತಡೆಯಲೆಂದು ಮಾರಾಟವಾಗುವ ತಾಮ್ರದ ಬಣ್ಣಗಳನ್ನು ಅಲ್ಯೂಮಿನಿಯಂ ದೋಣಿಗೆ ಬಳಿಯಕೂಡದು. ತಾಮ್ರ, ಅಲ್ಯೂಮಿನಿಯಂ ಮತ್ತು ನೀರು ಸೇರಿದರೆ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ಸವೆಯುತ್ತದೆ. ಹಿತ್ತಾಳೆಯ ಬೋಲ್ಟು, ತಳದ ನೀರಿನಲ್ಲಿ ಬಿದ್ದ ತಾಮ್ರದ ತಂತಿಯ ಚೂರು ಕೂಡ ಕಾಲಾಂತರದಲ್ಲಿ ತೂತು ಮಾಡಬಲ್ಲವು.

ಹಿಂಬದಿಯ ಹಲಗೆಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಆಯ್ದುಕೊಳ್ಳುವವರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಳೆಯದಂತೆ ಮರಕ್ಕೆ ಉಣಿಸುವ ಔಷಧದಲ್ಲಿ ತಾಮ್ರದ ಅಂಶ ಇರಬಹುದು. ಆದ್ದರಿಂದ ಹಲಗೆಯ ಎಲ್ಲ ಮೈಗೂ, ಬೋಲ್ಟಿನ ರಂಧ್ರಗಳ ಒಳಗೂ ಎಪಾಕ್ಸಿ ಲೇಪಿಸಿ, ಒಣಗಿದ ಬಳಿಕವೇ ಲೋಹಕ್ಕೆ ಜೋಡಿಸಬೇಕು.

ತೇಲುವ ಲೆಕ್ಕ

ಅಲ್ಯೂಮಿನಿಯಂ ತಾನಾಗಿ ತೇಲದು. 100 ಕೆ.ಜಿ. ತೂಕದ ದೋಣಿ ಪೂರ್ತಿ ಮುಳುಗಿದರೆ ಸುಮಾರು 37 ಲೀಟರ್ ನೀರನ್ನಷ್ಟೇ ಸರಿಸುತ್ತದೆ. ಉಳಿದ 63 ಕೆ.ಜಿ. ಅದನ್ನು ಕೆಳಗೆಳೆಯುತ್ತದೆ. ನೀರು ಹೀರದ ಫೋಮ್ 65 ಲೀಟರಿನಷ್ಟಿದ್ದರೆ ಬರಿ ದೋಣಿ ಮಾತ್ರ ತೇಲೀತು. ಯಂತ್ರ, ಬ್ಯಾಟರಿ ಮತ್ತು ಅಂಚನ್ನು ಹಿಡಿದು ತೂಗಾಡುವ ಜನರಿಗೆ ಬೇಕಾಗುವ ಫೋಮ್ ಇದರ ಮೇಲಿನದು. ಅಗ್ಗವೆಂದು ಥರ್ಮೋಕೋಲ್ ತುಂಬಿದರೆ ಪೆಟ್ರೋಲ್ ತಗುಲಿ ಕರಗಿಹೋಗುತ್ತದೆ.

ಎಷ್ಟು ಜನ ಕೂರಬಹುದು ಎಂಬುದಕ್ಕೆ ಅಮೆರಿಕದ ಕರಾವಳಿ ಕಾವಲು ಪಡೆ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಸರಳ ಸೂತ್ರವೊಂದನ್ನು ಸೂಚಿಸುತ್ತದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. 12 ಅಡಿ ಉದ್ದ, 4 ಅಡಿ ಅಗಲದ ದೋಣಿಗೆ 3.2 ಬರುತ್ತದೆ; ಅಂದರೆ ಮೂವರು. 14 ಅಡಿ ಉದ್ದ, 5 ಅಡಿ ಅಗಲವಿದ್ದರೆ ನಾಲ್ವರು. ಒಬ್ಬರಿಗೆ ಸುಮಾರು 68 ಕೆ.ಜಿ. ತೂಕ ಎಂದು ಹಿಡಿದ ಈ ಲೆಕ್ಕ ಶಾಂತ ನೀರಿಗೆ ಮಾತ್ರ ಅನ್ವಯ. ಅಜ್ಜಿ, ತಾತ, ಮೊಮ್ಮಕ್ಕಳ ಸಹಿತ ಎಂಟು ಜನ ಹತ್ತುವ ಕನಸು ಈ ದೋಣಿಯಲ್ಲಿ ಈಡೇರದು.

ತಾನೂರು, ವಡೋದರಾ ಕಲಿಸಿದ ಪಾಠ

ಮೀನು ಹಿಡಿಯುವವನು ದೋಣಿಯ ತಳಕ್ಕೆ ಹತ್ತಿರವಾಗಿ ಕೂರುತ್ತಾನೆ. ನೀರಿನ ನಡತೆಯನ್ನು ಬಲ್ಲ. ಕುಟುಂಬದ ವಿಹಾರಕ್ಕೆಂದು ಎತ್ತರದ ಕುರ್ಚಿ, ನೆರಳಿನ ಚಾವಣಿ, ನಿಂತು ನೋಡಲು ಅಟ್ಟ ಜೋಡಿಸಿದರೆ ಭಾರ ಮೇಲೇರುತ್ತದೆ, ಗಾಳಿಗೆ ತಡೆಯಾಗುತ್ತದೆ. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ಸರಿದರೆ ಮುಂದಿನದು ಕ್ಷಣಗಳ ಮಾತು.

2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿದ ಪ್ರವಾಸಿ ದೋಣಿ, ಮೀನುಗಾರಿಕೆ ದೋಣಿಯನ್ನೇ ಮಾರ್ಪಡಿಸಿದ್ದು ಎಂದು ವರದಿಯಾಗಿತ್ತು. ಅದರಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಸತ್ತವರು 22 ಮಂದಿ, ಅವರಲ್ಲಿ ಮಕ್ಕಳೇ ಹೆಚ್ಚು. 2024ರ ಜನವರಿ 18ರಂದು ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಸಾವನ್ನಪ್ಪಿದರು. ಅದು ಸಮುದ್ರವಲ್ಲ, ಊರೊಳಗಿನ ಕೆರೆ. ನಮ್ಮ ರಾಜ್ಯದಲ್ಲೇ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. ಮಿತಿಮೀರಿದ ಜನ ಮತ್ತು ಲೈಫ್ ಜಾಕೆಟ್ ಧರಿಸದಿರುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು.

ಆಸನದ ಕೆಳಗಿಟ್ಟ ಲೈಫ್ ಜಾಕೆಟ್ ಇದ್ದೂ ಇಲ್ಲದಂತೆ. ದಡದಲ್ಲೇ ಧರಿಸಿ, ಪಟ್ಟಿ ಬಿಗಿದು ಹತ್ತಬೇಕು. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಜಾಕೆಟ್ಟೇ ಬೇಕು. ದೊಡ್ಡವರದು ಹಾಕಿದರೆ ನೀರಿನಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮೇಲೆ ಉಳಿಯುತ್ತದೆ. ಜೊತೆಗೆ ಒಂದು ಜೊತೆ ಹುಟ್ಟು, ನೀರು ಮೊಗೆಯಲು ಬಕೆಟ್, ಉದ್ದನೆಯ ಹಗ್ಗ, ಶಿಳ್ಳೆ ಇರಬೇಕು.

ಕಾನೂನು, ಕಾಲ, ಸ್ಥಳ

1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ, ಯಂತ್ರಚಾಲಿತ ನೌಕೆಗಳ ತಪಾಸಣೆ ಮತ್ತು ನೋಂದಣಿಗೆ ವ್ಯವಸ್ಥೆ ಮಾಡಿದೆ. ಯಂತ್ರವಿಲ್ಲದ ದೋಣಿಗಳ ದಾಖಲಾತಿಗೂ ಸ್ಥಳೀಯ ಮಟ್ಟದಲ್ಲಿ ಅವಕಾಶ ಕಲ್ಪಿಸಿದೆ. ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ನಿರ್ದೇಶನಾಲಯ ಕಾರವಾರದಲ್ಲಿದೆ. ಜಲಾಶಯಗಳಲ್ಲಿ ದೋಣಿ ಇಳಿಸಲು ಅದರ ನಿರ್ವಹಣೆ ಹೊಂದಿರುವವರ ಅನುಮತಿಯೂ ಬೇಕು. ಬೆಣ್ಣೆತೊರೆ ಕಲಬುರಗಿ ನಗರಕ್ಕೆ ಕುಡಿಯುವ ನೀರಿನ ಮೂಲವೂ ಆಗಿರುವುದರಿಂದ ಅಲ್ಲಿ ಎಣ್ಣೆ, ಪೆಟ್ರೋಲ್ ಚೆಲ್ಲುವ ಯಂತ್ರದ ಮಾತೇ ಸಲ್ಲದು. ಅನುಮತಿ ಸಿಕ್ಕರೂ ಹುಟ್ಟು ಹಾಕುವುದೇ ಉಚಿತ.

ಬೇಸಿಗೆಯ ನಡುಹಗಲಿನಲ್ಲಿ ಅಲ್ಯೂಮಿನಿಯಂ ಆಸನ ಚರ್ಮ ಸುಡುವಷ್ಟು ಕಾಯುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಹಠಾತ್ತನೆ ಏಳುವ ಬಿರುಗಾಳಿ, ಸಿಡಿಲು ಇನ್ನೂ ಅಪಾಯಕಾರಿ. ಚಳಿಗಾಲದ ಬೆಳಗಿನ ಹೊತ್ತೇ ವಿಹಾರಕ್ಕೆ ಹಿತ. ಮಳೆಗಾಲದಲ್ಲಿ ಭೀಮಾ ನದಿಯ ಗೊಡವೆ ಬೇಡ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ.

ದುರಸ್ತಿ ಮುಗಿದ ದೋಣಿಯನ್ನು ಮೊದಲು ಮಕ್ಕಳಿಲ್ಲದೆ, ಎದೆಮಟ್ಟದ ನೀರಿನಲ್ಲಿ, ದಡಕ್ಕೆ ಹಗ್ಗ ಕಟ್ಟಿ ಪರೀಕ್ಷಿಸಬೇಕು. ಜನರ ಬದಲು ಅಷ್ಟೇ ತೂಕದ ಮರಳಿನ ಚೀಲಗಳನ್ನಿಟ್ಟು ಒಂದು ತಾಸು ಬಿಟ್ಟು ತಳದಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ಈ ಪರೀಕ್ಷೆಯಲ್ಲಿ ಸೋತ ದೋಣಿಗೆ ಮತ್ತೆ ಮತ್ತೆ ಹಣ ಸುರಿಯುವುದಕ್ಕಿಂತ ಅದನ್ನು ಗುಜರಿಗೆ ಕೊಡುವುದು ವಿವೇಕ. ಹೊಸ ಅಲ್ಯೂಮಿನಿಯಂ ತಯಾರಿಕೆಗೆ ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟರಲ್ಲೇ ಹಳೆಯದನ್ನು ಕರಗಿಸಿ ಮರುಬಳಸಬಹುದು. ಹೀಗಾಗಿ ಅದು ವ್ಯರ್ಥವೂ ಅಲ್ಲ.